ಹದಿನಾರು ವರ್ಷಗಳ ನಂತರ ಮತ್ತೆ ಗಿಟಾರ್ ಹಿಡಿದಿದ್ದೇನೆ, ನಿಮ್ಮ ಅನುಭವ ತಿಳಿಸಿ

ದಾವಣಗೆರೆ ರಿದಮ್:
ನನಗೀಗ 46 ವರ್ಷ. 1998ರಿಂದ 2009ರವರೆಗೆ ದಾವಣಗೆರೆ, ಹರಿಹರ, ರಾಣೆಬೆನ್ನೂರು ಸುತ್ತಮುತ್ತ ಎರಡು ಆರ್ಕೆಸ್ಟ್ರಾಗಳಲ್ಲಿ, ನಡುವೆ ಕಾಲೇಜು ಗೆಳೆಯರ ಒಂದು ಬ್ಯಾಂಡಿನಲ್ಲಿ ನುಡಿಸಿದ್ದೆ. ಮಗಳು ಹುಟ್ಟಿದ ವರ್ಷ ಬಿಟ್ಟೆ. ಮೊನ್ನೆ ಅಟ್ಟದಿಂದ ಅಕೂಸ್ಟಿಕ್ ಗಿಟಾರನ್ನು ಇಳಿಸಿದಾಗ ಬ್ರಿಡ್ಜಿನ (ತಂತಿಗಳನ್ನು ಕಚ್ಚಿ ಹಿಡಿಯುವ ಪಟ್ಟಿ) ಹಿಂಬದಿ ಒಂದು ನಾಣ್ಯ ತೂರುವಷ್ಟು ಎದ್ದು ನಿಂತಿತ್ತು. ಅದನ್ನು ರಿಪೇರಿ ಮಾಡಿಸಬೇಕೋ, ಹೊಸದನ್ನು ಕೊಳ್ಳಬೇಕೋ ತಿಳಿಯುತ್ತಿಲ್ಲ. ಎಡಗೈಯ ಕಿರುಬೆರಳು ಹೇಳಿದ ಮಾತು ಕೇಳುತ್ತಿಲ್ಲ. ಈ ವಯಸ್ಸಿನಲ್ಲಿ ಮತ್ತೆ ತಂಡ ಸೇರಿದವರು ಯಾರಾದರೂ ಇದ್ದೀರಾ?

ಮೈಸೂರಿನ ಹಳೇ ಲೀಡ್:
ನಿಮ್ಮದು ಅಟ್ಟದ ಮೇಲಾದರೂ ಉಳಿದಿದೆ. ನಾನು 2001ರಲ್ಲಿ 11,500 ರೂಪಾಯಿ ಕೊಟ್ಟು ಕೊಂಡಿದ್ದನ್ನು 2010ರಲ್ಲಿ ಹಾಸ್ಟೆಲ್ಲಿನ ಹುಡುಗನೊಬ್ಬನಿಗೆ 4,000ಕ್ಕೆ ಮಾರಿದೆ, ಅದರಲ್ಲಿಯೂ ಅವನು 500 ಬಾಕಿ ಉಳಿಸಿಕೊಂಡ. 2021ರಲ್ಲಿ ಮತ್ತೆ ಹುಚ್ಚು ಹತ್ತಿ 27,400 ಕೊಟ್ಟು ಹೊಸ ಎಲೆಕ್ಟ್ರಿಕ್ ತರಿಸಿದರೆ ಕತ್ತಿನ ಮೇಲಿನ ಹನ್ನೆರಡನೆಯ ಫ್ರೆಟ್ಟಿನಿಂದ (ಲೋಹದ ಅಡ್ಡಪಟ್ಟಿ) ಆಚೆ ಎಲ್ಲಿ ಒತ್ತಿದರೂ ಜುಯ್ ಎನ್ನುತ್ತಿತ್ತು. ಅಂಗಡಿಯವರು ಒಂದು ತಿಂಗಳು ಫೋನ್ ಎತ್ತಲಿಲ್ಲ. ಕೊನೆಗೆ ಬೆಂಗಳೂರಿಗೆ ಕಳಿಸಿ ಫ್ರೆಟ್ ಸಮ ಮಾಡಿಸಿದ್ದಕ್ಕೆ 3,500, ಹೋಗಿಬರುವ ಕೊರಿಯರ್‌ಗೆ 2,300, ಆಂಪ್ಲಿಫೈಯರ್‌ಗೆ 9,800, ಕೇಬಲ್ಲು, ಚೀಲ, ಸ್ಟ್ಯಾಂಡಿಗೆ 2,650. ಒಟ್ಟು 45,650 ಎಂದು ನನ್ನ ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ. ಆದರೂ ಹೊಸದನ್ನೇ ಕೊಳ್ಳಿ ಎನ್ನುತ್ತೇನೆ. ಹಳೆಯದನ್ನು ಹಿಡಿದರೆ ಹಳೆಯ ತಪ್ಪುಗಳೇ ಕೈಗೆ ಬರುತ್ತವೆ.

ಜಯನಗರ ಡಿಸ್ಟಾರ್ಷನ್:
ನನ್ನ ಕಥೆ ವಾದ್ಯದ್ದಲ್ಲ, ಮೊಣಕೈಯದು. ನಾವು ಐವರು ಎಂಟು ವರ್ಷ ಸ್ವಂತ ಹಾಡುಗಳನ್ನಷ್ಟೇ ನುಡಿಸಿದೆವು; ಬೆಂಗಳೂರಿನ ಫ್ರೀಡಂ ಜ್ಯಾಮ್ ಸಂಗೀತೋತ್ಸವದ ವೇದಿಕೆಯಲ್ಲಿ ಮೂರು ಬಾರಿ ಅವಕಾಶ ಸಿಕ್ಕಿತ್ತು. 2007ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದ ರಾತ್ರಿ, ಇನ್ನೆರಡು ವರ್ಷಗಳಲ್ಲಿ ನಾವೂ ಅಲ್ಲಿರುತ್ತೇವೆ ಎಂದು ಮೇಕ್ರಿ ಸರ್ಕಲ್ಲಿನಲ್ಲಿ ನಿಂತು ಆಣೆ ಮಾಡಿದ್ದೆವು. ಎರಡು ವರ್ಷ ತುಂಬುವಷ್ಟರಲ್ಲಿ ಡ್ರಮ್ಮರ್ ಸಿಂಗಪುರದಲ್ಲಿದ್ದ, ಬೇಸ್ ನುಡಿಸುವವನು ಬ್ಯಾಂಕಿನಲ್ಲಿದ್ದ. 2022ರಲ್ಲಿ ನಾನೊಬ್ಬನೇ ಮತ್ತೆ ಶುರುಮಾಡಿ, ಮೊದಲ ವಾರವೇ ದಿನಕ್ಕೆ ಮೂರು ಗಂಟೆ ಬಾರೆ ಕಾರ್ಡ್ (ಒಂದೇ ಬೆರಳನ್ನು ಅಡ್ಡಲಾಗಿಟ್ಟು ತಂತಿಗಳನ್ನೆಲ್ಲ ಅದುಮುವುದು) ಒತ್ತಿ ಮೊಣಕೈಯ ಸ್ನಾಯುರಜ್ಜು ಊದಿಸಿಕೊಂಡೆ. ಫಿಸಿಯೊಥೆರಪಿಗೆ ಒಂದು ಸಲಕ್ಕೆ 600ರಂತೆ ಹದಿನಾಲ್ಕು ಸಲ ಹೋದೆ, ಅಂದರೆ 8,400. ನಾಲ್ಕು ತಿಂಗಳು ನೀರಿನ ಬಾಟಲಿಯ ಮುಚ್ಚಳವನ್ನೂ ತೆಗೆಯಲಾಗಲಿಲ್ಲ. ಹತ್ತು ನಿಮಿಷದಿಂದ ಆರಂಭಿಸಿ, 10ರ ತಂತಿ ತೆಗೆದು ಅದಕ್ಕಿಂತ ತೆಳುವಾದ 9ರದ್ದು ಹಾಕಿ. ಇನ್ನೊಂದು ಮಾತು, ಆರ್ಕೆಸ್ಟ್ರಾದಲ್ಲಿ ಕಾರ್ಡ್ ಒತ್ತಿಕೊಂಡು ನಿಂತವರಿಗೆ ಬೆರಳು ಮರಳುವುದು ಕಷ್ಟವಾಗಲಾರದು, ಅಲ್ಲಿ ಬೆರಳಿಗೆ ಅಷ್ಟೇನೂ ಕೆಲಸವಿರುವುದಿಲ್ಲ.

ಶಿವಮೊಗ್ಗ ರಸಮಂಜರಿ:
ಮೇಲಿನ ಮಹನೀಯರು ಒಂದು ರಾತ್ರಿಯಾದರೂ ಗಣಪತಿ ಪೆಂಡಾಲಿನಲ್ಲಿ ನುಡಿಸಿದ್ದಾರೆಯೇ? ನೀವು ವರ್ಷವಿಡೀ ಉಜ್ಜಿದ ಎಂಟು ಹಾಡುಗಳನ್ನು ನುಡಿಸಿ ಇಳಿದು ಹೋಗುತ್ತೀರಿ. ನಾವು ಒಂದೇ ರಾತ್ರಿಯಲ್ಲಿ ಮೂವತ್ತೈದು ಹಾಡು ನುಡಿಸುತ್ತಿದ್ದೆವು. ಗಾಯಕನ ಗಂಟಲು ಕಟ್ಟಿದೆಯೆಂದು ಹಾಡು ಶುರುಮಾಡಲು ಕೌಂಟ್ ಕೊಡುವ ಹೊತ್ತಿಗೆ "ಅರ್ಧ ಇಳಿಸಿ" ಎಂದು ಶ್ರುತಿಯನ್ನು ಅರ್ಧ ಸ್ವರ ಇಳಿಸುವ ಸನ್ನೆ ಬಂದರೆ, ಕೀಬೋರ್ಡಿನವನು ಶ್ರುತಿಯನ್ನು ತಾನೇ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ನಗುತ್ತಿದ್ದ. ನಾನು ಇ ಶ್ರುತಿ ಬಿಟ್ಟು ಇ ಫ್ಲ್ಯಾಟ್‌ಗೆ ಇಳಿದು, ಒತ್ತದೆ ಬಿಡಬಹುದಾದ ಖಾಲಿ ತಂತಿಯ ಒಂದು ಕಾರ್ಡೂ ಸಿಗದೆ, ಐದು ನಿಮಿಷದ ಹಾಡನ್ನು ಪೂರ್ತಿ ಬಾರೆಯಲ್ಲೇ ಮುಗಿಸಬೇಕಿತ್ತು. 1999ರಲ್ಲಿ ಅದಕ್ಕೆ ರಾತ್ರಿಯೊಂದಕ್ಕೆ ಸಿಗುತ್ತಿದ್ದುದು 350 ರೂಪಾಯಿ. ಟೆಂಪೋದ ಹಿಂದೆ ಸ್ಪೀಕರ್ ಬಾಕ್ಸುಗಳ ನಡುವೆ ಕುಳಿತು ಬೆಳಿಗ್ಗೆ ಊರು ಸೇರಬೇಕು. ಬಾಕಿ ಕೊಡದ ಸಮಿತಿಗಳ ಪಟ್ಟಿ ಇಂದಿಗೂ ನನ್ನ ಡೈರಿಯಲ್ಲಿದೆ: ಒಟ್ಟು 6,200 ರೂಪಾಯಿ. ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸುವ ನಿಯಮ ಬಿಗಿಯಾದ ಮೇಲೆ ಹಾಡುಗಳು ಹದಿನೆಂಟಕ್ಕೆ ಇಳಿದವು. ಆಮೇಲೆ ಕೀಬೋರ್ಡಿನವನೇ ಗಿಟಾರ್ ಬಿಟ್‌ಗಳನ್ನೂ ನುಡಿಸತೊಡಗಿದ, ಕೊನೆಗೆ ಹಾಡುವ ದನಿ ಬಿಟ್ಟು ವಾದ್ಯಗಳಷ್ಟೇ ಮುದ್ರಿತವಾಗಿರುವ ಮೈನಸ್ ಟ್ರ್ಯಾಕ್ ಬಂದು ಅವನನ್ನೂ ಮನೆಗೆ ಕಳಿಸಿತು. ಆ ದಿನ ನನಗೆ ಸಂತೋಷವಾಗಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ಜಯನಗರ ಡಿಸ್ಟಾರ್ಷನ್:
ಬೇಸರ ಮಾಡಿಕೊಳ್ಳಬೇಡಿ ಸರ್. ಆದರೆ ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್ಪು) ಹಾಕಿ ಡಿ ಆಕಾರದಲ್ಲಿ ಹಿಡಿದಿದ್ದರೆ ಅದೇ ಇ ಫ್ಲ್ಯಾಟ್ ಸುಲಭವಾಗಿ ಸಿಗುತ್ತಿತ್ತಲ್ಲ, ಪೂರ್ತಿ ಬಾರೆ ಏಕೆ?

ಶಿವಮೊಗ್ಗ ರಸಮಂಜರಿ:
ಕೌಂಟ್ ಕೊಟ್ಟ ಮೇಲೆ ಕ್ಯಾಪೊ ಹುಡುಕಲು ನಿಮ್ಮ ತಂಡದಲ್ಲಿ ಸಹಾಯಕರಿದ್ದಿರಬಹುದು. ನಮ್ಮಲ್ಲಿ ಕ್ಯಾಪೊ ಹಾಕಿದವನನ್ನು ತಂಡದ ಮಾಲೀಕರು "ಕ್ಲಿಪ್ಪಿನವನು" ಎಂದು ಕರೆಯುತ್ತಿದ್ದರು.

ಮಂಗಳೂರು ಕ್ವಾಯರ್:
ಗುಂಡಿ ಒತ್ತುವುದು ಜಾಣತನ, ಕ್ಲಿಪ್ಪು ಹಾಕುವುದು ಅವಮಾನವೆಂಬ ಈ ನ್ಯಾಯ ನನಗೆ ಎಂದಿಗೂ ಅರ್ಥವಾಗಿಲ್ಲ. ಚರ್ಚಿನ ಗಾಯನವೃಂದದಲ್ಲಿ ಇಪ್ಪತ್ತೆರಡು ವರ್ಷ ಕ್ಯಾಪೊ ಹಾಕಿಯೇ ನುಡಿಸಿದ್ದೇನೆ, ಯಾರೂ ಎದ್ದು ಹೊರಗೆ ಹೋಗಿಲ್ಲ. ಇರಲಿ, ಬ್ರಿಡ್ಜಿನ ವಿಷಯವನ್ನು ಯಾರೂ ಮುಟ್ಟಿಯೇ ಇಲ್ಲ. ನನ್ನ ಮೊದಲ ಗಿಟಾರ್ ನೈಲಾನ್ ತಂತಿಯದು. ಸದ್ದು ಸಾಲದೆಂದು ನಾನೇ ಅದಕ್ಕೆ ಉಕ್ಕಿನ ತಂತಿ ಬಿಗಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಎಳೆತಕ್ಕೆ ಬ್ರಿಡ್ಜು ಮೇಲಿನ ಹಲಗೆಯ ಸಿಪ್ಪೆಯನ್ನೂ ಕಿತ್ತುಕೊಂಡು ಬಂತು. ಎರಡನೆಯದನ್ನು ಶ್ರುತಿ ಮಾಡಿದ ಸ್ಥಿತಿಯಲ್ಲೇ ಹೆಂಚಿನ ಮಾಡಿನ ಕೆಳಗೆ ಇಟ್ಟು ದುಬೈಗೆ ಹೋದೆ. ಬೇಸಿಗೆಯ ಕಾವಿಗೆ ಅಂಟು ಮೆತ್ತಗಾಗಿ, ತಂತಿಗಳು ಎಳೆದು ಅದೂ ನಿಮ್ಮದರಂತೆಯೇ ಎದ್ದಿತು. ಬಡಗಿಯೊಬ್ಬರು ಎರಡು ಮೊಳೆ ಹೊಡೆದು 150 ರೂಪಾಯಿ ಪಡೆದರು, ಆ ಮೊಳೆಗಳನ್ನು ಕೀಳಿಸಿ, ಕೆರೆದು, ಕ್ಲ್ಯಾಂಪ್ ಹಾಕಿ ಸರಿಯಾಗಿ ಅಂಟಿಸಲು ಇನ್ನೊಬ್ಬರಿಗೆ 2,800 ಕೊಟ್ಟೆ. ಈಗಲೇ ತಂತಿಗಳನ್ನು ಪೂರ್ತಿ ಸಡಿಲಿಸಿ, ಮೊಳೆ ಹೊಡೆಯುವವರ ಕೈಗೆ ಮಾತ್ರ ಕೊಡಬೇಡಿ.

ಮೈಸೂರಿನ ಹಳೇ ಲೀಡ್:
2,800 ಕೊಟ್ಟು ಅಂಟು ಹಾಕಿಸುವ ಬದಲು ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತದೆ.

ಮಂಗಳೂರು ಕ್ವಾಯರ್:
ನಿಮ್ಮ ಆ "ಇನ್ನೊಂದಿಷ್ಟು" 45,650ಕ್ಕೆ ಹೋಗಿ ನಿಂತಿದ್ದನ್ನು ನೀವೇ ಬರೆದಿದ್ದೀರಿ.

ದಾವಣಗೆರೆ ರಿದಮ್:
ಎಲ್ಲರಿಗೂ ವಂದನೆಗಳು. ತಂತಿ ಸಡಿಲಿಸಿದ್ದೇನೆ. ಹುಬ್ಬಳ್ಳಿಯಲ್ಲಿ ಅಂಟಿಸಿ ಕೊಡುವವರು 2,200 ಕೇಳಿದ್ದಾರೆ, ಹತ್ತು ದಿನ ಬೇಕಂತೆ. ಅಲ್ಲಿಯವರೆಗೆ ಮಗಳ ಯುಕುಲೇಲೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕಿರುಬೆರಳನ್ನು ಪಳಗಿಸುತ್ತಿದ್ದೇನೆ. ಶಿವಮೊಗ್ಗದ ಸರ್, ನೀವು ಡೈರಿಯಲ್ಲಿಟ್ಟಿರುವ ಸಮಿತಿಗಳಲ್ಲಿ ಹರಿಹರದ್ದೊಂದು ಇದೆಯೇ? ನನಗೂ ಅಲ್ಲಿಂದ 400 ಬರಬೇಕಿದೆ.

ಶಿವಮೊಗ್ಗ ರಸಮಂಜರಿ:
ಇದೆ, ನನ್ನದು 700. ಆದರೆ ಯುಕುಲೇಲೆ ಎಂದಿರಲ್ಲ, ಅದನ್ನು ದಯವಿಟ್ಟು ಎಲ್ಲಿಯೂ ಹೇಳಬೇಡಿ.