ಶೆನೀಲ್ ಅಂದರೆ ನೂಲಾ, ಬಟ್ಟೆನಾ, ಕಸೂತಿನಾ?

ಎಳೆಎಳೆ: ಹಳೇ ಉಡುಪುಗಳ ಬಗ್ಗೆ ಓದ್ತಾ ಇದ್ದೆ. 18ನೇ ಶತಮಾನದ ಫ್ರಾನ್ಸಿನ ರೇಷ್ಮೆ ಉಡುಪಿನ ಮೇಲೆ ಶೆನೀಲ್ ಕಸೂತಿ ಇರುತ್ತಿತ್ತಂತೆ. 1930ರ ದಶಕದ ಅಮೆರಿಕದ ಹಾಸಿಗೆ ಹೊದಿಕೆಗೂ ಅದೇ ಹೆಸರು, ಕಾಲೇಜು ಜಾಕೆಟ್ ಮೇಲಿನ ಉಬ್ಬಿದ ಅಕ್ಷರಕ್ಕೂ ಅದೇ. ಮೂರೂ ಒಂದೇನಾ?

ಹುರಿದಾರ: ಒಂದೇ ಅಲ್ಲ. ಶೆನೀಲ್ ಮೊದಲು ನೂಲು, ಆಮೇಲೆ ಬಟ್ಟೆ. ಫ್ರೆಂಚಿನಲ್ಲಿ ಆ ಪದಕ್ಕೆ ಕಂಬಳಿಹುಳು ಅಂತ ಅರ್ಥ. ನಾವು ಹುಳಕ್ಕೆ ಕಂಬಳಿ ಹೆಸರಿಟ್ಟೆವು, ಅವರು ನೂಲಿಗೆ ಹುಳದ ಹೆಸರಿಟ್ಟರು, ಎಷ್ಟು ಚೆಂದ ಅಲ್ವಾ! ಮಾಡುವ ಹಳೇ ಕ್ರಮ ಇನ್ನೂ ಚೆಂದ. ಹಾಸಿನ ಎಳೆಗಳನ್ನು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು) ಗುಂಪು ಗುಂಪಾಗಿ ದೂರ ಬಿಟ್ಟು ಒಂದು ಬಟ್ಟೆ ನೇಯುತ್ತಾರೆ, ಆಮೇಲೆ ಆ ಗುಂಪುಗಳ ನಡುವೆ ಉದ್ದಕ್ಕೂ ಕತ್ತರಿಸುತ್ತಾರೆ, ಆಗ ಹೊಕ್ಕಿನ, ಅಂದರೆ ಅಡ್ಡ ಎಳೆಯ, ತುಂಡುಗಳು ಎರಡೂ ಕಡೆ ರೋಮದ ಹಾಗೆ ಎದ್ದು ನಿಲ್ಲುತ್ತವೆ. ಆ ಪಟ್ಟಿಯನ್ನು ಹುರಿ ಮಾಡಿದರೆ ಶೆನೀಲ್ ನೂಲು. ಅದನ್ನು ಮತ್ತೆ ಮಗ್ಗಕ್ಕೆ ಹಾಕಿದರೆ ಎರಡು ಸಲ ನೇಯ್ದ ಬಟ್ಟೆ ಆಯ್ತು! ಕಸೂತಿಯಲ್ಲಿ ಜಾಸ್ತಿ ಎಳೆದಾಡಿದರೆ ರೋಮ ಉದುರುತ್ತದೆ. ಅದಕ್ಕೇ ಕಣ್ಣು ದೊಡ್ಡದು, ತುದಿ ಚೂಪು ಇರುವ ಶೆನೀಲ್ ಸೂಜಿ ಬೇಕು. ಇಲ್ಲದಿದ್ದರೆ ನೂಲನ್ನು ಬಟ್ಟೆ ಮೇಲೇ ಮಲಗಿಸಿ ಸಣ್ಣ ದಾರದಿಂದ ಅಲ್ಲಲ್ಲಿ ಹೊಲಿಯುತ್ತಾರೆ.

ಹೊಕ್ಕುಹಾಸು: ಸ್ಕಾಟ್ಲೆಂಡನ್ನು ಬಿಡಬೇಡಿ. 1830ರ ದಶಕದಲ್ಲಿ ಪೇಸ್ಲಿಯ ಗಿರಣಿಯೊಂದರ ಮೇಸ್ತ್ರಿ ಅಲೆಕ್ಸಾಂಡರ್ ಬುಕಾನನ್ ಈ ನೂಲಿನಿಂದ ಶಾಲು ಮಾಡುವ ದಾರಿ ಕಂಡುಕೊಂಡ ಅಂತ ಹೇಳುತ್ತಾರೆ. ಜೇಮ್ಸ್ ಟೆಂಪಲ್ಟನ್ ಮತ್ತು ವಿಲಿಯಂ ಕ್ವಿಗ್ಲಿ ಅದನ್ನೇ ರತ್ನಗಂಬಳಿಗೆ ತಂದು 1839ರಲ್ಲಿ ಪೇಟೆಂಟ್ ಪಡೆದರು. ಮೊದಲ ನೇಯ್ಗೆಯಲ್ಲೇ ಬಣ್ಣದ ಹೊಕ್ಕನ್ನು ಲೆಕ್ಕ ಹಾಕಿ ಇಟ್ಟರೆ, ಪಟ್ಟಿ ಕತ್ತರಿಸಿ ಎರಡನೇ ಸಲ ನೇಯುವಾಗ ಹೂವು ತನ್ನ ಜಾಗದಲ್ಲೇ ಮೂಡುತ್ತದೆ. ಕೈಯಲ್ಲಿ ಮಾಡುವ ರತ್ನಗಂಬಳಿಯ ಹಾಗೆ ಒಂದೊಂದೇ ಗಂಟು ಹಾಕಬೇಕಾಗಿಲ್ಲ.

ಎಳೆಎಳೆ: ಹಾಗಾದರೆ ಅಮೆರಿಕದ ಹೊದಿಕೆ?

ಹುರಿದಾರ: ಅದು ಹೆಸರಿಗೆ ಮಾತ್ರ ಶೆನೀಲ್. ಜಾರ್ಜಿಯಾದ ಡಾಲ್ಟನ್ ಹತ್ತಿರದ ಕ್ಯಾಥರೀನ್ ಇವಾನ್ಸ್ 1895ರಲ್ಲಿ, ಇನ್ನೂ 15ರ ಹುಡುಗಿಯಾಗಿದ್ದಾಗ, ಮೊದಲ ಹೊದಿಕೆ ಮಾಡಿದರು. 1900ರಲ್ಲಿ ಒಂದನ್ನು ಎರಡೂವರೆ ಡಾಲರಿಗೆ ಮಾರಿದರು. ದಪ್ಪ ಹತ್ತಿ ದಾರದಲ್ಲಿ ಹೊಲಿಗೆ ಹಾಕಿ, ಮೇಲಿನ ಎಳೆ ಕತ್ತರಿಸಿ, ಬಿಸಿನೀರಲ್ಲಿ ಹಾಕುತ್ತಿದ್ದರು. ಬಟ್ಟೆ ಕುಗ್ಗಿ ಕುಚ್ಚುಗಳನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಎಷ್ಟೋ ಮನೆಯ ಹೆಂಗಸರಿಗೆ ಇದೇ ದುಡಿಮೆಯಾಯ್ತು. 41ನೇ ಹೆದ್ದಾರಿಯ ಪಕ್ಕ ತಂತಿ ಮೇಲೆ ಮಾರಾಟಕ್ಕೆ ನೇತು ಹಾಕುತ್ತಿದ್ದರು. ನವಿಲಿನ ಚಿತ್ರದವೇ ಎದ್ದು ಕಾಣುತ್ತಿದ್ದರಿಂದ ಆ ದಾರಿಗೆ ನವಿಲು ಓಣಿ ಅನ್ನುವ ಹೆಸರೇ ಬಂತು. ಮುಂದೆ ಇದೇ ಕುಚ್ಚಿನ ಕೆಲಸ ಯಂತ್ರಕ್ಕೆ ಹೋಗಿ ಡಾಲ್ಟನ್ ಕಾರ್ಪೆಟ್ಟಿನ ಊರಾಯ್ತು. ಜಾಕೆಟ್ಟಿನ ಅಕ್ಷರ ಇನ್ನೊಂದು ಬಗೆ, ಫೆಲ್ಟ್ (ನೇಯದೆ ಉಣ್ಣೆ ಒತ್ತಿ ಮಾಡಿದ ದಪ್ಪ ಬಟ್ಟೆ) ಮೇಲೆ ಯಂತ್ರದಿಂದ ಒತ್ತೊತ್ತಾಗಿ ಹಾಕಿದ ನೂಲಿನ ಕುಣಿಕೆಗಳು.

ಹೊಕ್ಕುಹಾಸು: ಕೈಗೆ ಸಿಕ್ಕರೆ ಹಿಂದೆ ತಿರುಗಿಸಿ ನೋಡಿ. ಸಾಲು ಹೊಲಿಗೆ ಕಂಡರೆ ಅದು ಕುಚ್ಚಿನ ಕೆಲಸ. ನಿಜವಾದ ಶೆನೀಲಿನಲ್ಲಿ ರೋಮದ ನೂಲೇ ನೇಯ್ಗೆಯೊಳಗೆ ಸೇರಿರುತ್ತದೆ.