ಹಳೇ ಹಸ್ತಪ್ರತಿ, ಐತಿಹ್ಯ, ಒಬ್ಬ ಸಂಶೋಧಕ: ಈ ಥ್ರಿಲ್ಲರ್‌ಗಳು ಹಿಡಿದು ಕೂರಿಸುವುದು ಹೇಗೆ?

ಪುಟತಿರುವು:
ಗ್ರಂಥಾಲಯದಲ್ಲಿ ಹಳೇ ಪ್ರತಿ ಸಿಗುತ್ತದೆ, ಅಂಚಿನಲ್ಲಿ ಬರೆದ ಟಿಪ್ಪಣಿ ಯಾವುದೋ ಐತಿಹ್ಯದ ಕಡೆ ಕೈ ತೋರಿಸುತ್ತದೆ, ಸಂಶೋಧಕ ಅದರ ಬೆನ್ನು ಹತ್ತುತ್ತಾನೆ. ಈ ಬಗೆಯ ಕಾದಂಬರಿಗಳಲ್ಲಿ ಕೆಲವು ನಿದ್ದೆಗೆಡಿಸಿ ಓದಿಸುತ್ತವೆ, ಕೆಲವು ಅರ್ಧಕ್ಕೇ ಪಠ್ಯಪುಸ್ತಕ ಆಗಿಬಿಡುತ್ತವೆ. ಎರಡರಲ್ಲೂ ಮಾಹಿತಿಗೆ ಕೊರತೆ ಇರುವುದಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ?

ಲಿಪಿಕಾರ:
ಪುರಾವೆ ಮೊದಲು ಯಾರ ಕೈಗೆ ಸಿಗುತ್ತದೆ ಅನ್ನುವುದರಲ್ಲಿ. ಪ್ರೊಫೆಸರ್ ಎರಡು ಪುಟ ವಿವರಿಸುತ್ತಾ ಹೋದರೆ ಓದುಗ ಬೆಂಚಿನ ಮೇಲೆ ಕೂತ ವಿದ್ಯಾರ್ಥಿ. ದಾಖಲೆಯನ್ನೇ ಮುಂದಿಟ್ಟು, ಹದಿನೈದು ಪುಟ ಕಳೆದ ಮೇಲೆ ಗುಟ್ಟು ಬಿಡಿಸಿದರೆ ಓದುಗನೇ ಪತ್ತೇದಾರ.

ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಅಧಿಕಾರವನ್ನು ಪೋಪ್‌ಗೆ ಬರೆದುಕೊಟ್ಟ ಎನ್ನುವ ದಾನಪತ್ರ ನಕಲಿ ಎಂದು 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ತೋರಿಸಿದ. ಹಿಡಿದ ಎಳೆಗಳಲ್ಲಿ ಒಂದು 'ಸತ್ರಪ' (ಪ್ರಾಂತ್ಯದ ಅಧಿಕಾರಿ) ಎಂಬ ಪದ. ಪರ್ಷಿಯಾದ ಪದವಿಗೆ ರೋಮಿನ ಆಡಳಿತದಲ್ಲಿ ಏನು ಕೆಲಸ? ಕಾದಂಬರಿಕಾರ ಇಂಥ ಪದವನ್ನು ಬೇರೆ ಅಧಿಕಾರಿಗಳ ಹೆಸರುಗಳ ನಡುವೆ ಸದ್ದಿಲ್ಲದೆ ಕೂರಿಸಬೇಕು. ಗುಟ್ಟು ಒಡೆದಾಗ ಓದುಗ ಹಿಂದಕ್ಕೆ ಪುಟ ತಿರುವಿದರೆ ಬರೆದವರು ಗೆದ್ದ ಹಾಗೆ.

ಕಪ್ಪುಶಾಯಿ:
ಒಪ್ಪಿದೆ. ಸಾಕ್ಷ್ಯಕ್ಕೆ ಮೈ ಇದೆ ಅನ್ನುವುದನ್ನೂ ಮರೆಯಬಾರದು. ಆರ್ಕಿಮಿಡೀಸನ ಕೃತಿಗಳಿದ್ದ ಚರ್ಮದ ಹಾಳೆಗಳನ್ನು 13ನೇ ಶತಮಾನದಲ್ಲಿ ಕೆರೆದು, ಅಡ್ಡಕ್ಕೆ ತಿರುಗಿಸಿ, ಮಡಚಿ, ಮೇಲೆ ಪ್ರಾರ್ಥನೆಗಳನ್ನು ಬರೆದರು. ಹಳೇ ಸಾಲು ಹೊಸ ಸಾಲನ್ನು ಅಡ್ಡ ಹಾಯುತ್ತದೆ. ಕೆಲವು ಸಾಲು ಹೊಲಿಗೆಯ ಮಡಿಕೆಯೊಳಗೆ ಸೇರಿಹೋದವು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಅದನ್ನು ಓದಿದಾಗ ಮಡಿಕೆಯ ಒಳಗಿನದು ಸಿಗಲಿಲ್ಲ. ಬರಹ ಅಲ್ಲೇ ಇದೆ, ಕಣ್ಣಿಗೆ ಬೀಳುತ್ತಿಲ್ಲ! ಇದಕ್ಕಿಂತ ಒಳ್ಳೆಯ ಕುತೂಹಲವನ್ನು ಕಟ್ಟಿ ತರಬೇಕಿಲ್ಲ.

ಬಹಳ ಕಾದಂಬರಿಗಳು ಎಡವುವುದು ಕಾರ್ಬನ್ ಪರೀಕ್ಷೆಯಲ್ಲಿ. ಅದು ಹೇಳುವುದು ಚರ್ಮದ ವಯಸ್ಸು, ಬರಹದ್ದಲ್ಲ. ಕೊಲಂಬಸ್‌ಗಿಂತ ಮೊದಲೇ ಉತ್ತರ ಅಮೆರಿಕದ ತೀರವನ್ನು ತೋರಿಸಿತು ಎನ್ನಲಾದ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ವಿನ್‌ಲ್ಯಾಂಡ್ ನಕ್ಷೆಯ ಚರ್ಮ 15ನೇ ಶತಮಾನದ್ದೇ, ಆದರೆ ಶಾಯಿಯಲ್ಲಿ ಸಿಕ್ಕ ಟೈಟಾನಿಯಂ ಸಂಯುಕ್ತ ಬಣ್ಣಗಳಿಗೆ ಬಂದದ್ದು 1920ರ ದಶಕದಲ್ಲಿ. "ಲ್ಯಾಬ್ ವರದಿ ಬಂತು, ಪ್ರತಿ ಅಸಲಿ" ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ತಿಳಿದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಪುಟತಿರುವು:
ಐತಿಹ್ಯದ ಪಾಲೇನು? ಕೊನೆಗೆ ಅದು ನಿಜವಾಗಲೇಬೇಕೇ?

ಲಿಪಿಕಾರ:
ಅಕ್ಷರಶಃ ನಿಜವಾದರೆ ಅಷ್ಟು ಹೊತ್ತಿನ ಸಂಶೋಧನೆ ಬರೀ ಅಲಂಕಾರ. ಶುದ್ಧ ಸುಳ್ಳಾದರೆ ಓದುಗನಿಗೆ ಮೋಸ. ಐತಿಹ್ಯದ ಎರಡು ಮೂರು ಪಾಠಾಂತರ ಕೊಡಿ, ಒಂದಕ್ಕೊಂದು ತಾಳೆಯಾಗದ ಕಡೆಯೇ ಸುಳಿವು ಇಡಿ. ಗ್ರಂಥಸಂಪಾದನೆಯ, ಅಂದರೆ ಪ್ರತಿಗಳನ್ನು ಹೋಲಿಸಿ ಮೂಲಪಾಠ ಹುಡುಕುವ ಕೆಲಸದ, ಎರಡು ಸೂತ್ರ ಇಲ್ಲಿ ಕೈ ಹಿಡಿಯುತ್ತವೆ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪಿದ್ದರೆ ಅವು ಎರಡು ಸಾಕ್ಷಿಯಲ್ಲ, ಬಹುಪಾಲು ಒಂದೇ ಮೂಲದ ನಕಲುಗಳು. ಒಂದು ಪ್ರತಿಯಲ್ಲಿ ಸುಲಭದ ಪದ, ಇನ್ನೊಂದರಲ್ಲಿ ಕಷ್ಟದ ಪದ ಇದ್ದರೆ ಸಾಮಾನ್ಯವಾಗಿ ಕಷ್ಟದ್ದೇ ಹಳೆಯದು, ಏಕೆಂದರೆ ನಕಲು ಮಾಡುವವನು ಅರ್ಥವಾಗದ್ದನ್ನು ತನಗೆ ತಿಳಿದದ್ದಕ್ಕೆ ತಿದ್ದುತ್ತಾನೆ. ಮೂರು ಪ್ರತಿಗಳು 'ರಾಣಿ ಓಡಿಹೋದಳು' ಎಂದು, ನಾಲ್ಕನೆಯದು ಮಾತ್ರ ಯಾರಿಗೂ ಅರ್ಥವಾಗದ ಒಂದು ಕ್ರಿಯಾಪದ ಇಟ್ಟುಕೊಂಡಿದ್ದರೆ, ಕಥೆ ಶುರುವಾಗಬೇಕಾದದ್ದು ಆ ಕ್ರಿಯಾಪದದಿಂದ.