ಫಾಸ್ಟಿಂಗ್ ಶುಗರ್ 118, ಎಚ್‌ಬಿಎ1ಸಿ ಮಾತ್ರ 8.6. ಹೀಗ್ಯಾಕೆ?

ಗದಗಿನ ಮಗಳು:
ನಮ್ಮ ಅಪ್ಪಾಜಿಗೆ 62 ವರ್ಷ, ಗದಗಿನಲ್ಲಿ ಬಟ್ಟೆ ಅಂಗಡಿ ಇದೆ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಸೇರಿದ ಮಾತ್ರೆ ತಗೊಳ್ತಾರೆ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬರ್ತಾರೆ, 115, 118 ಹೀಗೇ ಇರುತ್ತೆ. ಈ ಸಲ ಡಾಕ್ಟರ್ ಎಚ್‌ಬಿಎ1ಸಿ ಅನ್ನೋ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿ ಅಂದರು, 8.6 ಬಂತು. ಲ್ಯಾಬಿನವರದೇ ತಪ್ಪು ಅಂತಾರೆ ಅಪ್ಪಾಜಿ. ಅನ್ನ ಬಿಟ್ಟೇಬಿಟ್ಟಿದ್ದಾರೆ, ಬರೀ ಜೋಳದ ರೊಟ್ಟಿ, ಮಧ್ಯಾಹ್ನ ನಾಲ್ಕು. ಮನೆಗೆ ಗ್ಲುಕೋಮೀಟರ್ ತರೋಣವಾ? ಯಾವಾಗ ನೋಡಬೇಕು? ಇನ್ನೊಂದು, ಗಿರಾಕಿ ಜಾಸ್ತಿ ಇದ್ದ ದಿನ ಊಟ ಮೂರು ಗಂಟೆ ಆಗುತ್ತೆ, ಆಗ ಬೆವರಿ ಕೈ ನಡುಗುತ್ತೆ. ಬಿಸಿಲಿಗೆ ಅಂತ ಸುಮ್ಮನಾಗ್ತಾರೆ.

ಹುಬ್ಬಳ್ಳಿ ಸಿಸ್ಟರ್:
ತಂಗಿ, ಆ ಕೊನೆಯ ಮಾತೇ ನನಗೆ ಚಿಂತೆ. ಗ್ಲಿಮೆಪಿರೈಡ್ ತಗೊಂಡು ಊಟ ತಡವಾದರೆ ಶುಗರ್ ಕೆಳಗೆ ಇಳಿಯುತ್ತೆ, ಬೆವರು, ನಡುಕ ಅದರದೇ ಇರಬಹುದು. ಮುಂದಿನ ಸಲ ಆದಾಗ ಕೂಡಲೇ ಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರಿಲ್ಲ ಅಂದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ನೀರು ಕೊಟ್ಟುಬಿಡಿ. ಪೇಡೆ ಕೊಡಬೇಡಿ, ಖೋವಾದ ಜಿಡ್ಡಿಗೆ ಸಕ್ಕರೆ ರಕ್ತಕ್ಕೆ ಸೇರೋದು ತಡವಾಗುತ್ತೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ. ಇದನ್ನು ಡಾಕ್ಟರ್‌ಗೆ ಈ ವಾರವೇ ಹೇಳಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಧಾರವಾಡದ ಮೇಷ್ಟ್ರು:
ಲ್ಯಾಬ್ ತಪ್ಪು ಅಂತ ಈಗಲೇ ಹೇಳೋಕಾಗಲ್ಲ. ಎಚ್‌ಬಿಎ1ಸಿ ಅಂದರೆ ಹೆಚ್ಚುಕಡಿಮೆ ಮೂರು ತಿಂಗಳ ಶುಗರ್‌ನ ಸರಾಸರಿ, 8.6 ಅಂದರೆ ಮೀಟರ್ ಲೆಕ್ಕದಲ್ಲಿ ಸುಮಾರು 200. ಬೆಳಿಗ್ಗೆ 118 ಇದ್ದೂ ಸರಾಸರಿ 200 ಬರಬೇಕಾದರೆ ಊಟ ಆದ ಮೇಲೆ ಬಹಳ ಏರುತ್ತಿರಬೇಕು, ಅಲ್ವಾ? ಅದನ್ನು ಯಾರೂ ನೋಡೇ ಇಲ್ಲ. ಜೋಳವೂ ಧಾನ್ಯವೇ, 100 ಗ್ರಾಂ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟ ಇರುತ್ತೆ. ನಮ್ಮ ಕಡೆ ರೊಟ್ಟಿ ಅಂದರೆ ಎಷ್ಟು ತಿಂದರೂ ನಡೆಯುತ್ತೆ ಅನ್ನೋ ನಂಬಿಕೆ ಬಹಳ ಗಟ್ಟಿ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ತಾಸಿಗೆ ಒಮ್ಮೆ ನೋಡಿ. ಆಗ 180ರ ಒಳಗಿದ್ದರೆ ಒಳ್ಳೆಯದು. ದಾಟಿದರೆ ನಾಲ್ಕು ರೊಟ್ಟಿ ಎರಡಾಗಲಿ, ಹೊಟ್ಟೆ ತುಂಬೋಕೆ ಹೆಸರುಕಾಳು ಪಲ್ಯ, ಹಸಿ ಮೂಲಂಗಿ, ಹಕ್ಕರಿಕಿ ಸೊಪ್ಪು, ಮೊಸರು ಜಾಸ್ತಿ ಇರಲಿ. ಆದರೆ ರೊಟ್ಟಿ ಕಡಿಮೆ ಮಾಡೋದು ಡಾಕ್ಟರ್‌ಗೆ ಹೇಳಿಯೇ, ಈ ಮಾತ್ರೆ ಇದ್ದಾಗ ಶುಗರ್ ಇನ್ನೂ ಇಳಿಯಬಹುದು. ಉಂಡ ಮೇಲೆ ಹತ್ತು ನಿಮಿಷ ಅಡ್ಡಾಡಲಿ. ಹಿಮೋಗ್ಲೋಬಿನ್ ಕೂಡ ನೋಡಿಸಿ, ಕಬ್ಬಿಣದ ಅಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ಸುಳ್ಳೇ ಹೆಚ್ಚು ತೋರಿಸಬಹುದು.

ಹಾವೇರಿ ಅಣ್ಣ:
ಮೀಟರ್ ಕೊಳ್ಳುವ ಮೊದಲು ಅದರ ಸ್ಟ್ರಿಪ್ ರೇಟ್ ಕೇಳಿ, ಖರ್ಚು ಇರೋದು ಅಲ್ಲೇ. ಬೆರಳ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಕೈ ತೊಳೆದು ಒರೆಸಿಕೊಂಡೇ ನೋಡಬೇಕು, ಮಾವಿನ ಹಣ್ಣು ಹೆಚ್ಚಿದ ಕೈಯಲ್ಲಿ ನೋಡಿದರೆ ಇಲ್ಲದ ಶುಗರ್ ಬರುತ್ತೆ.

ಗದಗಿನ ಮಗಳು:
ಎಲ್ಲರಿಗೂ ಧನ್ಯವಾದ. ಮೀಟರ್ ತಂದೆವು. ಇವತ್ತು ಊಟಕ್ಕೆ ಮೊದಲು 104, ಎರಡು ತಾಸಿಗೆ 238! ಅಪ್ಪಾಜಿ ಮಾತೇ ಆಡಲಿಲ್ಲ.

ಹುಬ್ಬಳ್ಳಿ ಸಿಸ್ಟರ್:
ಒಂದೇ ದಿನದ ಲೆಕ್ಕ ಸಾಲದು ತಂಗಿ. ಮೂರ್ನಾಲ್ಕು ದಿನ ಹೀಗೇ ನೋಡಿ, ಪಕ್ಕದಲ್ಲಿ ಎಷ್ಟು ರೊಟ್ಟಿ, ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ ಅಂತ ಬರೆದು ಆ ಚೀಟಿಯನ್ನೇ ಡಾಕ್ಟರ್ ಮುಂದಿಡಿ. ಅಂಗಡಿ ಗಲ್ಲಾದಲ್ಲಿ ಒಂದು ಗ್ಲುಕೋಸ್ ಪುಡಿ ಪಾಕೀಟು ಇರಲಿ, ಅದು ಎಲ್ಲಿದೆ ಅಂತ ಕೆಲಸದ ಹುಡುಗರಿಗೂ ಗೊತ್ತಿರಲಿ.